ಲಾವಂಚದ ಬುಡ

ಸಾಯಗಾಂವ, ೧೪ ಮಾರ್ಚ್ ೧೯೭೩, ಬುಧವಾರ

ನವಾಬಸಾಹೇಬರು ತೀರಿಕೊಂಡರು. ಹೊಲದ ಬದುವಿನ ಲಾವಂಚಕ್ಕೆ ಆ ಬಿರುದು ಕೊಟ್ಟವನು ನಾನೇ. ಈ ಬರದಲ್ಲಿ ಊರೆಲ್ಲ ಒಣಗಿದರೂ ಅದೊಂದು ಹಸಿರು ಶೇರ್ವಾನಿ ತೊಟ್ಟು ನಿಂತಿತ್ತು. ಬೇರು ಆಳುದ್ದ ಕೆಳಗೆ. ಬುಡ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತಿತ್ತು. ಆ ಚಿಗುರಿನಲ್ಲೇ ನಮ್ಮ ಎಮ್ಮೆ, ಪಕ್ಕದ ಹೊಲದ ಗೆಳೆಯ ಪಂಢರಿಯ ಎಮ್ಮೆ ಎರಡೂ ಉಳಿದಿದ್ದವು. ಒಂದು ವಾರ ಅವರು ಕೊಯ್ಯುವುದು, ಒಂದು ವಾರ ನಾವು. ಬುಡಕ್ಕೆ ಗುದ್ದಲಿ ಹಾಕುವುದಿಲ್ಲವೆಂದು ಪಂಢರಿಯಿಂದ ಆಣೆ ಮಾಡಿಸಿದ್ದೆ, ತಲೆಗೆ ಟವೆಲ್ ಸುತ್ತಿ, ತಹಸೀಲ್ದಾರರ ಗತ್ತಿನಲ್ಲಿ. ನಗುತ್ತಲೇ ಆಣೆಯಿಟ್ಟ.

ಇಂದು ಹೋದರೆ ಬದುವಿನ ತುಂಬ ಬರೀ ಕುಣಿ.

ಪಂಢರಿಯ ಮನೆಗೆ ಓಡಿದೆ. ಅವನ ಅವ್ವ ಜಿಜಾಬಾಯಿ ಬಾಗಿಲಲ್ಲೇ ಕೂತಿದ್ದಳು. "ಎಮ್ಮಿ ಮೊನ್ನೇನೇ ಮಾರಿದೇವಪ್ಪಾ. ಬೀದರದಾಗ ಸಾಹೇಬರ ಬಾಗಿಲಿಗಿ ಲಾವಂಚದ ಬೇರಿನ ತಂಪಿನ ತಟ್ಟಿ ಕಟ್ತಾರಲ್ಲ, ಅವರಿಗಿ ಬೇರು ಮಾರಿ ಪಂಢರಿ ಹಂಗೇ ಹೈದರಾಬಾದಿಗಿ ಹೋದ. ನಿನಗ ಹೇಳಿಲ್ಲೇನು?"

"ಹೇಳ್ಯಾನ್ರಿ ಕಾಕಿ," ಎಂದೆ.

ಹೇಳಿರಲಿಲ್ಲ. ಊರು ಬಿಟ್ಟರೆ ಇಬ್ಬರೂ ಕೂಡಿಯೇ ಬಿಡೋಣ ಎಂದವನು ಅವನೇ. ನವಾಬರಿಗೊಂದು ಗೋರಿ ಕಟ್ಟಿಸುವ ತಮಾಷೆ ಬರೆಯೋಣವೆಂದು ಕೂತೆ, ಬರುತ್ತಿಲ್ಲ. ಪಂಢರಿ, ಕೇಳಿದ್ದರೆ ನಾನೇ ಜೊತೆಗೆ ಅಗೆಯುತ್ತಿದ್ದೆನಲ್ಲೋ.

ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆ ಒದರುತ್ತಿದೆ. ಲಾವಂಚ ಏನಾಯಿತೆಂದು ನಾಳೆ ಅಪ್ಪ ಕೇಳುತ್ತಾನೆ. ಪಂಢರಿ ನನಗೂ ಹೇಳದೆ ಕಿತ್ತುಕೊಂಡು ಹೋದ ಎಂದರೆ ನನ್ನ ಮುಖ ನೋಡಿ ಮರುಗುತ್ತಾನೆ. ಅದು ಬೇಡ. ನಾನೇ ಕಿತ್ತೆ ಎನ್ನುತ್ತೇನೆ. ಊರಿನ ಕಿತಾಪತಿಯೆಲ್ಲ ನನ್ನದೇ ಅಲ್ಲವೇ, ಇದನ್ನೂ ನಂಬುತ್ತಾರೆ. ಹೊಡೆದರೆ ಹೊಡೆಯಲಿ, ಆದರೆ ಅಯ್ಯೋ ಪಾಪ ಅನ್ನದಿರಲಿ.