ಹಿಂದಿನ ಸೀಟಿನ ಮರಳು ಮೂಟೆ

ಅಪ್ಪಾ,

ನಾನು ಡ್ಯೂಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ತಿಂದೇ ಷೆಡ್ಡಿಗೆ ಹೋಗು.

ನೀನೂ ಅಮ್ಮನೂ ಅಲ್ಲಿ ಕಟ್ಟಿದ ವಿಮಾನದ ಹಿಂದಿನ ಸೀಟಿನಲ್ಲಿ ಮರಳು ಮೂಟೆ ಇಟ್ಟು ಬೆಲ್ಟ್ ಬಿಗಿದಿದ್ದೇನೆ. ನೋಡಿದ ಕೂಡಲೇ ನಿನಗೆ ಸಿಟ್ಟು ನೆತ್ತಿಗೇರುತ್ತದೆ, ಗೊತ್ತು. "ಅದು ಅವಳ ಜಾಗ. ಮೂಟೆ ಹೇರೋಕೆ ಇದೇನು ಲಾರಿನಾ?" ಅಂತ ನಿನ್ನೆ ಮೂಟೆಯ ಮಾತೆತ್ತಿದ್ದಕ್ಕೇ ನೀನು ಕೇಳಿದೆ. ನನಗೂ ಅದು ಅಮ್ಮನ ಜಾಗವೇ. ಆ ಸೀಟಿನ ಸುತ್ತಲಿನ ರಿವೆಟ್ಟೆಲ್ಲ ಅವಳೇ ಹೊಡೆದದ್ದು, ಸೊಟ್ಟಗಿರುವುದೂ ಸೇರಿ.

ಆದರೆ ಮೂತಿಯಲ್ಲಿರುವ ಹೊಸ ಎಂಜಿನ್ ಹಳೆಯದಕ್ಕಿಂತ ಭಾರ. ಅಮ್ಮ ಹಿಂದೆ ಕೂರುತ್ತಾಳೆ ಅಂತ ಲೆಕ್ಕ ಹಾಕಿಯೇ ನೀವಿಬ್ಬರೂ ಅದನ್ನು ಆರಿಸಿದಿರಿ. ಸೀಟು ಖಾಲಿಯಿದ್ದರೆ ಇಳಿಯುವಾಗ ಮೂತಿ ಮೇಲೇಳದೆ ನೆಲಕ್ಕೆ ಕುಕ್ಕುತ್ತದೆ. ನನಗೆ ಇದನ್ನು ಕಲಿಸಿದವನೇ ನೀನು.

ಅವಳ ತೂಕ ಎಷ್ಟು ಅಂತ ಕೇಳಿದರೆ ನೀನು ಎದ್ದು ಹೋದೆ. ಆಸ್ಪತ್ರೆಯ ಚೀಟಿಯಲ್ಲಿದ್ದದ್ದು ಕೊನೆಯ ವಾರದ ತೂಕ, ತೀರಾ ಕಡಿಮೆ. ಅದನ್ನು ಬಿಟ್ಟು, ಅವಳು ಚೆನ್ನಾಗಿದ್ದಾಗ ಎಷ್ಟಿದ್ದಳೋ ಅಷ್ಟು ಮರಳು ತುಂಬಿದ್ದೇನೆ.

ಇವತ್ತೇ ಹಾರಬೇಕು ಅನ್ನಿಸಿದರೆ ಹಾರು. ಮೂಟೆ ಮಾತ್ರ ಇಳಿಸಬೇಡ. ಬೈಯುವುದಿದ್ದರೆ ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಬೈ. ಎಷ್ಟು ಹೊತ್ತಾದರೂ ಕೇಳುತ್ತೇನೆ.