ಭಟ್ಟಿ ಗಲ್ಲಿ ಏಳರಲ್ಲಿ, ನನ್ನ ಮನೆ ಎಂಟರಲ್ಲಿ

ನಗರಪರಿಷತ್ತಿನ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಯಲ್ಲಿ ನೂರಾ ನಾಲ್ಕು ಮನೆಗಳಿವೆ. ಅವುಗಳಲ್ಲಿ ನೂರಾ ಮೂರನ್ನು ತಾವು ಏಳನೆಯ ವಾರ್ಡಿಗೆ ಸೇರಿಸಿದ್ದೀರಿ, ಉಳಿದ ಒಂದನ್ನು ಎಂಟಕ್ಕೆ ಹಾಕಿದ್ದೀರಿ. ಆ ಒಂದು ಮನೆ ನನ್ನದು. ಯಾಕೆ ಹೀಗೆ ಎಂದು ನಿಮ್ಮ ಕಚೇರಿಗೆ ಮರಾಠಿಯಲ್ಲಿ ನಾಲ್ಕು ಸಲ ಬರೆದು ಕೇಳಿದೆ. ನಾಲ್ಕು ಸಲವೂ ನನ್ನ ಪ್ರತಿಯ ಮೇಲೆ ನೀಲಿ ಠಸ್ಸೆ ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಐದನೆಯ ಸಲ ಕನ್ನಡದಲ್ಲಿ, ಪುಣೆಯ ಕನ್ನಡಿಗರು ತರಿಸಿಕೊಳ್ಳುವ ಈ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬಾರದೆಂಬುದು ನನಗೆ ಗೊತ್ತು. ಬರುವ ಭಾಷೆಯಲ್ಲಿ ಬರೆದಾಗಲೂ ತಾವು ಓದಲಿಲ್ಲವಾದ್ದರಿಂದ ಇದರಲ್ಲಿ ನಾನು ಕಳೆದುಕೊಳ್ಳುವುದೇನೂ ಇಲ್ಲ.

ನಾನು ಯಾರೆಂದು ಓದುವವರಿಗಾದರೂ ತಿಳಿಯಲಿ. ನನ್ನ ತವರು ಚಡಚಣದ ಕಡೆ. ಗಂಡ ತೀರಿಕೊಂಡ ಮೇಲೆ ಅವರ ಜಾಗದಲ್ಲಿ ದೌಂಡ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಕಾರಕೂನಳಾಗಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಮಕ್ಕಳಿಲ್ಲ. ಪುಣೆಯ ರೈಲುದಾರಿಯ ಮಗ್ಗುಲಿಗಿರುವ ಈ ಊರಿನ ಭಟ್ಟಿ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಕೊಂಡು ಹದಿನೇಳು ವರ್ಷವಾಯಿತು. ಹಿಂದೆ ಅಲ್ಲಿ ಇಟ್ಟಿಗೆ ಭಟ್ಟಿ ಇತ್ತಂತೆ, ಈಗ ಹೆಸರಷ್ಟೇ ಉಳಿದಿದೆ. ಓಣಿಯ ಬಲಗಡೆಯ ಸಾಲಿನಲ್ಲಿ ನನ್ನದು ಕೊನೆಯ ಮನೆ. ಆ ಸಾಲಿನ ಎಲ್ಲ ಮನೆಗಳ ಹಿತ್ತಲಿಗೆ ಹೊಂದಿ ದೊಡ್ಡ ನಾಲಾ ಹರಿಯುತ್ತದೆ. ಪ್ರತಿ ಮಳೆಗಾಲ ಅದು ಒಂದೆರಡು ಸಲವಾದರೂ ಅಡುಗೆಮನೆಗೆ ಬರುತ್ತದೆ. ಹಿತ್ತಲಿಗೊಂದು ತಡೆಗೋಡೆ ಕಟ್ಟಿಕೊಡಿ ಎಂದು ಗ್ರಾಮಪಂಚಾಯಿತಿ ಇದ್ದ ಕಾಲದಿಂದ ಕೇಳುತ್ತಿದ್ದೇವೆ. ಆಗ ಗ್ರಾಮಸಭೆ ಇರುತ್ತಿತ್ತು, ಎದ್ದು ನಿಂತು ಕೇಳಬಹುದಿತ್ತು. ಮೂರು ವರ್ಷದ ಹಿಂದೆ ಊರು ನಗರವಾಯಿತು. ಎದ್ದು ನಿಲ್ಲುವ ಸಭೆಯೇ ಇಲ್ಲವಾಯಿತು.

ಕಳೆದ ಶ್ರಾವಣದಲ್ಲಿ ತಾವು ವಾರ್ಡುಗಳ ಕರಡು ನಕಾಶೆಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದಿರಿ. ಇಡೀ ಊರು ಒಂದು ಅಂಚೆ ಕಾರ್ಡಿನಷ್ಟು ಜಾಗದಲ್ಲಿ ಕೂತಿತ್ತು. ಪಾರದರ್ಶಕತೆ ಎಂದರೆ ಭೂತಕನ್ನಡಿ ಇದ್ದವರಿಗೆ ಕಾಣುವುದು ಎಂದೇ ತಮ್ಮ ಅಭಿಪ್ರಾಯವಿರಬೇಕು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹಾಸನದ ಹುಡುಗಿ ಸ್ಪಂದನಾ, ಐಟಿ ಕಂಪನಿಯವಳು, ಅದರ ಫೋಟೊ ತೆಗೆದು ತನ್ನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಗೆರೆ ನಮ್ಮ ಓಣಿಯ ನಟ್ಟನಡುವೆ ಹೋಗಿತ್ತು. ಎಡಸಾಲು ಏಳಕ್ಕೆ, ಬಲಸಾಲು ಎಂಟಕ್ಕೆ.

“ಆಂಟಿ, ಹೀಗಾದ್ರೆ ಗೋಡೆ ಬಗ್ಗೆ ಯಾರನ್ನ ಕೇಳೋದು?” ಎಂದಳು.

ಅದೇ ಪ್ರಶ್ನೆ. ನಾಲಾ ಎಂಟರಲ್ಲಿದೆ ಎಂದು ಏಳರವರು, ನೀರು ಬರುವ ಓಣಿ ಏಳರದು ಎಂದು ಎಂಟರವರು ಹೇಳುತ್ತ ಇನ್ನೊಂದು ಇಪ್ಪತ್ತು ವರ್ಷ ಕಳೆಯಬಹುದಿತ್ತು. ಆ ರಾತ್ರಿಯೇ ಆಕ್ಷೇಪಣೆ ಬರೆಯಲು ಕೂತೆ. ಗಡಿ ಎಳೆಯುವಾಗ ನಾಲಾ, ರಸ್ತೆ, ರೈಲುದಾರಿಗಳನ್ನು ಅನುಸರಿಸಬೇಕೆಂದು ನಿಮ್ಮದೇ ಸೂಚನೆಯಲ್ಲಿದೆ. ಅದನ್ನೇ ಎತ್ತಿ ಬರೆದೆ: ಗೆರೆಯನ್ನು ನಾಲಾದ ಮೇಲೆ ಇಡಿ, ಓಣಿ ಒಂದೇ ವಾರ್ಡಿನಲ್ಲಿರಲಿ. ನಾಲ್ಕು ಸಂಜೆ ಮನೆಮನೆ ತಿರುಗಿದೆ. ಪಕ್ಕದ ಮನೆಯ ಸಾವಂತ್ರವ್ವ ನನ್ನ ಜೊತೆ ಬಂದಳು. ಹದಿನೇಳು ವರ್ಷ ನಾವಿಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸಿದವರು. ಸಹಿ ಹಾಕಲು ಅನುಮಾನಿಸಿದವರಿಗೆ ಅವಳೇ ಹೇಳುತ್ತಿದ್ದಳು, “ಹಾಕ್ರಿ, ಅಕ್ಕಾರು ಬರದಾರ ಅಂದ್ರ ತಪ್ಪಿರೂದಿಲ್ಲ.” ಎಪ್ಪತ್ಮೂರು ಸಹಿಗಳಾದವು.

ಗಣಪತಿ ಹಬ್ಬ ಮುಗಿದ ವಾರ ವಿಚಾರಣೆ ಇಟ್ಟಿರಿ. ಹನ್ನೊಂದು ಗಂಟೆಗೆ ಎಂದಿತ್ತು, ನಾನು ಹತ್ತಕ್ಕೇ ಬಂದು ಮೆಟ್ಟಿಲ ಮೇಲೆ ಕೂತೆ. ಮೂವತ್ತು ಜನರಾದರೂ ಬರುತ್ತೇವೆಂದು ಮಾತು ಕೊಟ್ಟಿದ್ದರು. ಹತ್ತೂವರೆಗೆ ಮೊದಲ ಫೋನ್ ಬಂತು, ಯಾರಿಗೋ ಜ್ವರ. ಆಮೇಲೆ ಯಾರದೋ ಡ್ಯೂಟಿ, ಯಾರದೋ ಮನೆಗೆ ಬೀಗರು. ಕೊನೆಯದು ಸಾವಂತ್ರವ್ವನದು.

“ಅಕ್ಕಾರ, ನಮ್ಮವರು ಬ್ಯಾಡ ಅನ್ನಾಕತ್ತಾರ್ರಿ. ನಿನ್ನಿ ಸಂಜಿಕಿ ಸ್ವಪ್ನಿಲ್ ಬಂದಿದ್ರಲ್ಲ, ನಾ ಮಾಡಿಸಿ ಕೊಡ್ತೀನಿ, ಕಚೇರಿಗೆ ಹೋಗಿ ಗದ್ದಲ ಮಾಡಬ್ಯಾಡ್ರಿ ಅಂದ್ರಂತ.”

ಸ್ವಪ್ನಿಲ್ ನಮ್ಮ ಕಡೆಯ ಉತ್ಸಾಹಿ ತರುಣ. ಈಗ ಏಳನೆಯ ವಾರ್ಡಿನ ಸದಸ್ಯರು. ಆಗ ಇನ್ನೂ ಆಗಬೇಕೆಂದಿದ್ದವರು. ಮನೆಮನೆಗೂ ಹೋಗಿದ್ದ ಅವರು ನನ್ನ ಮನೆಗೆ ಬಂದಿರಲಿಲ್ಲ.

“ಸಹಿ ಹಾಕಿದವರು ಎಪ್ಪತ್ಮೂರು, ಬಂದವರು ಒಬ್ಬರೇ ಏನು ಮಾವಶಿ?” ಎಂದು ತಾವು ಮರಾಠಿಯಲ್ಲಿ ಕೇಳಿದಿರಿ. ಪಕ್ಕದಲ್ಲಿದ್ದವರು ನಕ್ಕರು.

“ಸಹಿಗಳೆಲ್ಲ ಬಂದಿವೆ ಸಾಹೇಬರೇ, ಓದಿ ನೋಡಿ” ಎಂದೆ.

ಮೂರು ನಿಮಿಷ ಕೊಟ್ಟಿರಿ. ಓಣಿಯ ಮಾತು ಹೇಳಿಯಾದ ಮೇಲೆ ಇನ್ನೂ ಸ್ವಲ್ಪ ಸಮಯವಿತ್ತು. ಆಗ ಮೂರು ಪ್ರಶ್ನೆ ಕೇಳಿದೆ. ಈ ಗೆರೆ ಎಳೆದವರು ಯಾರು? ಎಳೆಯುವ ಮೊದಲು ಯಾರಾದರೂ ಓಣಿಗೆ ಬಂದು ನೋಡಿದ್ದರೇ? ನೋಡಿದ್ದರೆ ಆ ವರದಿಯನ್ನು ನಮಗೇಕೆ ತೋರಿಸುವುದಿಲ್ಲ? ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ನಿಲ್ಲಿಸಿ ನಿಮ್ಮ ಮುಖ ನೋಡಿದರು. “ಮುಂದಿನವರನ್ನು ಕರೀರಿ” ಎಂದಿರಿ. ಮುಂದಿನವರು ಯಾರೂ ಇರಲಿಲ್ಲ.

ದೀಪಾವಳಿಗೆ ಹತ್ತು ದಿನವಿರುವಾಗ ಅಂತಿಮ ನಕಾಶೆ ಬಂತು. ಸಾವಂತ್ರವ್ವ ಪೇಢಾ ಹಿಡಿದುಕೊಂಡು ಓಡಿ ಬಂದಳು. “ಓಣಿ ಒಂದಾತ್ರಿ ಅಕ್ಕಾರ. ಎಲ್ಲಾ ಏಳರಾಗ ಅಂತ.” ಹೊರಗೆ ಸ್ವಪ್ನಿಲ್ ಅವರ ಹೆಸರಿನಲ್ಲಿ ಪಟಾಕಿ ಹಚ್ಚುತ್ತಿದ್ದರು. ನನಗೆ ಬೇಸರವಾಗಲಿಲ್ಲ. ಕೆಲಸವಾದರೆ ಸಾಕು, ಹೆಸರು ಯಾರದಾದರೇನು ಎಂದುಕೊಂಡು ಪೇಢಾ ತಿಂದೆ, ಇನ್ನೊಂದು ಕೇಳಿ ತಿಂದೆ.

ಅವತ್ತು ಸಂಜೆ ಸ್ಪಂದನಾ ಕೆಳಗಿಳಿದು ಬಂದಳು. ಲ್ಯಾಪ್‌ಟಾಪ್ ತೆರೆದೇ ಇತ್ತು, ಅದನ್ನು ನನ್ನ ಮುಂದಿಟ್ಟಳು.

“ಆಂಟಿ, ಇಲ್ನೋಡಿ. ಲೈನು ನಾಲಾ ಮೇಲೇ ಬರ್ತಾ ಇದೆ ಅಲ್ವಾ? ಸಾವಂತ್ರವ್ವ ಆಂಟಿ ಮನೆ ಆದ್ಮೇಲೆ ಒಳಗೆ ತಿರುಗತ್ತೆ. ನಿಮ್ಮ ಮನೆ ಮುಂದೆ ಹೋಗಿ ಮತ್ತೆ ನಾಲಾಗೆ ವಾಪಸ್ ಬರತ್ತೆ.”

“ಅಂದ್ರ?” ಎಂದೆ.

“ನಿಮ್ಮ ಮನೆ ಒಂದೇ ಎಂಟರಲ್ಲಿದೆ.”

ಮರುದಿನವೇ ನಿಮ್ಮ ಆದೇಶದ ಪ್ರತಿ ಅಂಚೆಯಲ್ಲಿ ಬಂತು. ‘ಆಕ್ಷೇಪಣೆಯನ್ನು ಭಾಗಶಃ ಪುರಸ್ಕರಿಸಲಾಗಿದೆ.’ ಮಾನ್ಯರೇ, ಆ ‘ಭಾಗಶಃ’ ಎಂಬ ಪದವನ್ನು ನಾನು ಬಹಳ ಹೊತ್ತು ನೋಡಿದೆ. ನೂರಾ ಮೂರು ಮನೆಗಳು ಪುರಸ್ಕಾರದ ಭಾಗ, ನಾನು ಉಳಿದ ಭಾಗ. ನೇರವಾಗಿ ಹೋಗುತ್ತಿದ್ದ ಗೆರೆ ಯಾವ ಆಕರ್ಷಣೆಗೆ ನನ್ನ ಅಂಗಳದತ್ತ ತಿರುಗಿತು? ನನ್ನ ಮನೆಯ ಸುತ್ತ ಹೊಸ ನದಿ ಹುಟ್ಟಿತೇ? ಅಥವಾ ಎಂಟನೆಯ ವಾರ್ಡಿನ ಜನಸಂಖ್ಯೆಗೆ ಒಬ್ಬ ಹೆಂಗಸು ಕಡಿಮೆ ಬಿದ್ದಿದ್ದಳೇ? ಪ್ರಶ್ನೆ ಕೇಳಿದ್ದಕ್ಕೆ ಇದು ಶಿಕ್ಷೆ ಎಂದು ಓಣಿಯಲ್ಲಿ ಕೆಲವರು ಅನ್ನುತ್ತಾರೆ. ನನ್ನ ಹತ್ತಿರ ಪುರಾವೆ ಇಲ್ಲ, ಆದ್ದರಿಂದ ನಾನು ಹಾಗೆ ಹೇಳುವುದಿಲ್ಲ. ಕಾಗದ ತಮ್ಮ ಹತ್ತಿರವಿದೆ. ತೋರಿಸಿದರೆ ಅವರ ಬಾಯಿ ಮುಚ್ಚಿಸಬಹುದು.

ಕಾಗದದ ಮೇಲಿನ ಗೆರೆ ಮನುಷ್ಯರನ್ನು ಏನು ಮಾಡೀತು ಎಂದು ತಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಮೊದಲು ಕಸದ ಗಾಡಿ ನಿಂತಿತು. ಅದನ್ನು ಓಡಿಸುವ ಬಾಬು ಒಳ್ಳೆಯವನು. ಮುಖ ತಗ್ಗಿಸಿ, “ಮಾವಶಿ, ನಿಮ್ಮ ಮನೆ ನಮ್ಮ ಹದ್ದಿಯಲ್ಲಿಲ್ಲ, ಸಾಹೇಬರು ಬೈತಾರೆ” ಎಂದ. ಎಂಟರ ಗಾಡಿ ನಾಲಾ ದಾಟಿ ಒಂದು ಮನೆಗಾಗಿ ಬರುವುದಿಲ್ಲ. ಈಗ ಕಸದ ಚೀಲ ಹಿಡಿದು ನಾಲಾದ ಮೇಲಿನ ಪುಲ್ ದಾಟಿ ನಾನೇ ಹೋಗುತ್ತೇನೆ. ಆಮೇಲೆ ವಾರ್ಡಿನ ಮಹಿಳಾ ಸಮಿತಿ. ಪಂಚಾಯಿತಿ ಇದ್ದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಅದರ ಸಭೆಯ ನಡಾವಳಿ ಬರೆಯುತ್ತಿದ್ದವಳು ನಾನು. ಬೇರೆ ವಾರ್ಡಿನವರು ಇರುವಂತಿಲ್ಲವೆಂದು ನಿಮ್ಮ ಕಚೇರಿಯಿಂದ ಪತ್ರ ಹೋಗಿತ್ತು. ನಡಾವಳಿಯ ವಹಿ ಒಯ್ಯಲು ಸಾವಂತ್ರವ್ವನನ್ನು ಕಳಿಸಿದ್ದರು. ಅವಳು ಬಾಗಿಲಲ್ಲೇ ನಿಂತಳು.

“ಒಳಗ ಬಾ” ಎಂದೆ.

“ಅಲ್ರಿ, ಸಭಾ ಸುರು ಆಗೇದ. ಎಲ್ಲಾರೂ ಕುಂತಾರ.”

ವಹಿ ಕೊಟ್ಟೆ. ಸಭೆ ಅವಳ ಮನೆಯಲ್ಲೇ ಇತ್ತು. ನಡುವೆ ಒಂದು ಇಟ್ಟಿಗೆಯ ಗೋಡೆ, ಅಷ್ಟೇ. ಅವರ ನಗು, ಕಪ್ಪು ಬಸಿಗಳ ಸದ್ದು ಎಲ್ಲ ಕೇಳುತ್ತಿತ್ತು. ಯಾರೋ ತಾರೀಖು ಕೇಳಿದರು. ಯಾರೋ ತಪ್ಪು ತಾರೀಖು ಹೇಳಿದರು. ಗೋಡೆಯ ಈಚೆ ಕೂತು ಸರಿ ತಾರೀಖನ್ನು ನಾನು ಬಾಯಲ್ಲೇ ಹೇಳಿಕೊಂಡೆ.

ಮತದಾನದ ದಿನ ಓಣಿಯ ಹೆಂಗಸರೆಲ್ಲ ಹೊಸ ಸೀರೆ ಉಟ್ಟು ಗುಂಪಾಗಿ ಮಾರುಕಟ್ಟೆಯ ಶಾಲೆಗೆ ಹೊರಟರು. ನಾನು ಅವರ ಎದುರು ದಿಕ್ಕಿಗೆ ನಡೆದೆ. ಎಂಟರವರ ಮತಗಟ್ಟೆಯಾಗಿದ್ದ ರೈಲು ಹಳಿಯಾಚೆಯ ಶಾಲೆಯಲ್ಲಿ ನನ್ನನ್ನು ಗುರುತಿಸುವವರು ಒಬ್ಬರೂ ಇರಲಿಲ್ಲ. ನನ್ನ ಹೆಸರು ಮತದಾರರ ಯಾದಿಯ ಕೊನೆಯ ಹಾಳೆಯಲ್ಲಿತ್ತು.

“ಭಟ್ಟಿ ಗಲ್ಲಿಯೇ? ಅದು ಏಳರಲ್ಲಿ ಬರುತ್ತದಲ್ಲ” ಎಂದರು ಮೇಜಿನ ಹಿಂದಿದ್ದವರು.

“ಗಲ್ಲಿ ಏಳರಲ್ಲಿದೆ. ನಾನು ಎಂಟರಲ್ಲಿದ್ದೇನೆ” ಎಂದೆ. ಅವರು ಪಕ್ಕದವರ ಕಡೆ ನೋಡಿದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೊರಗೆ ಬಂದೆ. ಆ ಶಾಯಿಯನ್ನು ತೋರಿಸಲು ಯಾರೂ ಇರಲಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಹೋದ ತಿಂಗಳು ತಡೆಗೋಡೆಯ ಕೆಲಸ ಶುರುವಾಯಿತು. ನಾನು ಬರುವುದಕ್ಕೂ ಮೊದಲಿನಿಂದ ಓಣಿ ಇಪ್ಪತ್ತು ವರ್ಷ ಕೇಳಿದ ಗೋಡೆ. ಹಿತ್ತಲಲ್ಲಿ ನಿಂತು ದಿನವೂ ನೋಡಿದೆ. ಬಲಸಾಲಿನ ಉದ್ದಕ್ಕೂ ಕಾಂಕ್ರೀಟು ಎದೆಯೆತ್ತರ ಎದ್ದಿತು. ಸಾವಂತ್ರವ್ವನ ಮನೆಯ ಮೂಲೆಗೆ ಬಂದು ನಿಂತಿತು, ಇನ್ನು ಮೇಲಿನ ಸುತ್ತು ಮಾತ್ರ ಬಾಕಿ. ಮೇಸ್ತ್ರಿಯನ್ನು ಕೇಳಿದರೆ, ಏಳನೆಯ ವಾರ್ಡಿನ ಕೆಲಸ ಅಲ್ಲಿಗೆ ಮುಗಿಯುತ್ತದೆ ಎಂದ. ಈಗ ಐವತ್ತೊಂದು ಮನೆಗಳಿಗೆ ನುಗ್ಗಲಾಗದ ನೀರು ಹುಡುಕಿಕೊಂಡು ಬರುವುದಕ್ಕೆ ಒಂದೇ ಹಿತ್ತಲು ಉಳಿದಿದೆ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಎಂಟನೆಯ ವಾರ್ಡಿನ ಕಚೇರಿಯಲ್ಲಿ ಕೇಳಿದೆ. ಒಂದು ಮನೆಗಾಗಿ ಯೋಜನೆ ಮಾಡಲು ನಿಯಮವಿಲ್ಲವಂತೆ. ಒಂದು ಮನೆಗಾಗಿ ಗಡಿ ಎಳೆಯಲು ನಿಯಮವಿತ್ತೇ?

ಹೋದ ಸೋಮವಾರ ಹೊಸ ಅರ್ಜಿ ಬರೆದೆ. ಗೆರೆಯನ್ನು ತಿದ್ದಿ, ಅದಾಗದಿದ್ದರೆ ಗೋಡೆಯನ್ನಾದರೂ ನಾಲ್ಕು ಮಾರು ಮುಂದುವರಿಸಿ ಎಂದು. ಸಹಿಗಾಗಿ ಮೊದಲು ಸಾವಂತ್ರವ್ವನ ಮನೆಗೆ ಹೋದೆ. ಅವಳು ಚಹಾ ಕೊಟ್ಟಳು, ಅರ್ಜಿಯನ್ನು ಪೂರ್ತಿ ಓದಿಸಿಕೊಂಡಳು, ಪೆನ್ನು ತೆಗೆದುಕೊಂಡಳು. ಹಾಗೇ ಹಿಡಿದುಕೊಂಡು ಕೂತಳು.

“ಅಕ್ಕಾರ, ಒಂದ್ ಮಾತ್ ಕೇಳ್ಲೇನ್ರಿ? ಇದಕ್ಕ ಸಹಿ ಹಾಕಿದ್ರ ಮತ್ತ ನಕಾಶಾ ತಗೀತಾರೇನ್ರಿ? ಗೋಡಿ ಇನ್ನಾ ಪೂರಾ ಆಗಿಲ್ಲ. ಅರ್ಧಕ್ಕ ನಿಲ್ಲಿಸಿದ್ರ…”

ಅವಳ ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹೆದರಿದ್ದಳು. ನಿಲ್ಲಿಸುವುದಿಲ್ಲ ಎಂದು ಭರವಸೆ ಕೊಡಲು ನನ್ನಿಂದಾಗಲಿಲ್ಲ, ಯಾಕೆಂದರೆ ನಿಮ್ಮ ಕಚೇರಿ ಏನು ಮಾಡುತ್ತದೆಂದು ನನಗೂ ಗೊತ್ತಿಲ್ಲ. ಪೆನ್ನನ್ನು ನಾನೇ ಅವಳ ಕೈಯಿಂದ ತೆಗೆದುಕೊಂಡೆ. “ಬಿಡು, ಚಹಾ ಭಾಳ ಛಲೋ ಆಗೇದ” ಎಂದೆ. ಬೇರೆ ಯಾರ ಮನೆಗೂ ಹೋಗಲಿಲ್ಲ. ನನ್ನೊಬ್ಬಳ ಸಹಿಯಲ್ಲೇ ಅರ್ಜಿಯನ್ನು ನಿಮ್ಮ ಕಚೇರಿಗೆ ಕೊಟ್ಟು ಬಂದೆ.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ಮಳೆಗಾಲಕ್ಕೆ ಮೊದಲು ಗೋಡೆಯನ್ನು ನನ್ನ ಹಿತ್ತಲು ದಾಟಿಸಿ. ವಿಚಾರಣೆಯ ದಿನ ನಿಮ್ಮ ಗುಮಾಸ್ತರು ಬರೆದುಕೊಂಡದ್ದನ್ನೂ, ಬರೆದುಕೊಳ್ಳದೆ ಬಿಟ್ಟದ್ದನ್ನೂ ನೋಟೀಸ್ ಬೋರ್ಡಿಗೆ ಹಾಕಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ. ಗೆರೆ ನನ್ನ ಅಂಗಳಕ್ಕೆ ಯಾಕೆ ತಿರುಗಿತೆಂದು ಒಂದು ವಾಕ್ಯದಲ್ಲಿ ತಿಳಿಸಿ, ಕೆಳಗೆ ಸಹಿ ಮಾಡಿ. ನನ್ನ ಹೊಸ ಅರ್ಜಿಯ ವಿಚಾರಣೆಗೆ ದಿನ ಗೊತ್ತು ಮಾಡಿ. ದೊಡ್ಡ ಸಭಾಗೃಹ ಬೇಡ. ಒಂದು ಕುರ್ಚಿ ಹಾಕಿಸಿದರೆ ಸಾಕು.

ಇಂತಿ,
ಭಾಗಶಃ ಪುರಸ್ಕೃತಳು,
ಚನ್ನಬಸವ್ವ ಮುಗಳಿ
ಭಟ್ಟಿ ಗಲ್ಲಿಯ ಕೊನೆಯ ಮನೆ (ವಾರ್ಡು ಯಾವುದೆಂದು ತಾವೇ ತುಂಬಿಕೊಳ್ಳಿ)