ಹೆಬ್ಬೆರಳೆತ್ತಿದ ಆಫೀಸು

ಮಾರ್ಚ್ ೧೧, ಮಂಗಳವಾರ

ಈ ಹೆಬ್ಬೆರಳನ್ನು ಏನು ಮಾಡಲಿ? ಊಟ ಮಾಡುವಾಗಲೂ ಅದನ್ನೇ ನೋಡುತ್ತಿದ್ದೆ. "ಗಾಯ ಆಯ್ತಾ?" ಎಂದು ಹೆಂಡತಿ ಕೇಳಿದಳು. ಆಗಿದೆ, ಆದರೆ ನನಗಲ್ಲ.

ನಮ್ಮ ಪ್ರಕಾಶನದ ಮ್ಯಾನೇಜರ್‌ಗೆ ಮಾತೆಂದರೆ ಗದ್ದಲ. ಪಕ್ಕದ ಮೇಜಿನವರಿಗೂ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲೇ ಬರೆಯಬೇಕು. ಮೆಸೇಜ್ ಬಂದ ಕೂಡಲೇ ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಬೇಕು. ಓದಬೇಕೆಂಬ ನಿಯಮವೇನಿಲ್ಲ. ಇವತ್ತು ಕರಡು ತಿದ್ದುವ ಅಕ್ಕ, ಅಂದರೆ ನಮ್ಮ ಕರಡಕ್ಕ, ಬರೆದರು: 'ಕೆಲಸ ಬಿಡೋಣ ಅಂತಿದ್ದೀನಿ. ಏನಂತೀರಿ?' ಇಡೀ ಆಫೀಸು ಹೆಬ್ಬೆರಳೆತ್ತಿತು. ಮೊದಲನೆಯದು ನನ್ನದು.

ಪಕ್ಕದ ಮೇಜಿನಿಂದ ಮೂಗೆಳೆಯುವ ಸದ್ದು ಕೇಳಿದ ಮೇಲೆಯೇ ನಾನು ಓದಿದ್ದು. ನನ್ನ ಕಾಗುಣಿತ ಲೋಕದ ಕಣ್ಣಿಗೆ ಬೀಳದಂತೆ ಇಷ್ಟು ವರ್ಷ ಮಾನ ಕಾಪಾಡಿದವರು ಅವರು! ಕ್ಷಮೆ ಟೈಪ್ ಮಾಡಲು ಹೋಗಿ, ನಾಚಿಕೆಯಾಗಿ, ಎದ್ದು ನಿಂತು ಬಾಯಿಬಿಟ್ಟೆ.

"ಅಕ್ಕ, ಹೋಗ್ಬೇಡಿ. ಓದ್ದೇ ಒತ್ಬಿಟ್ಟೆ."

"ನೀನು ಬರೆದಿದ್ದನ್ನೇ ನೀನು ಓದಲ್ಲ, ನಂದನ್ನ ಓದ್ತೀಯೇನೋ! ಆದ್ರೆ ಯಾಕೆ ಅಂತ ಒಬ್ರಾದ್ರೂ ಕೇಳ್ತೀರಿ ಅಂದ್ಕೊಂಡಿದ್ದೆ."

"ಯಾಕಕ್ಕ?"

"ಬೆಳಗ್ಗೆಯಿಂದ ಸಂಜೆವರೆಗೂ ಒಬ್ರೂ ಮಾತಾಡ್ಸಲ್ವಲ್ಲೋ, ಅದಕ್ಕೆ."

'ಶಬ್ದ ಬೇಡ' ಎಂದು ಮ್ಯಾನೇಜರ್ ಗ್ರೂಪಿನಲ್ಲಿ ಬರೆದರಂತೆ. ನಾವು ನೋಡಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಅಕ್ಕ ಮೊಮ್ಮಗಳಿಗೆ ಹಲ್ಲು ಬಂದ ಕಥೆ ಶುರು ಮಾಡಿದರು. ಆಫೀಸು ಮುಚ್ಚುವ ಹೊತ್ತಿಗೆ ಎರಡೇ ಹಲ್ಲು ಮುಗಿದಿದ್ದವು.

"ಮಿಕ್ಕಿದ್ದು ನಾಳೆ ಹೇಳ್ತೀನಿ, ಬೇಗ ಬಾ" ಎಂದು ಚೀಲ ಎತ್ತಿಕೊಂಡರು.

ನಾಳೆ ಅಂದರು. ಬಾಯಿಬಿಟ್ಟು ಅಂದರು. ಮಗುವಿಗೆ ಒಟ್ಟು ಎಷ್ಟು ಹಲ್ಲು ಬರುತ್ತವೆಂದು ಹೆಂಡತಿಯನ್ನು ಕೇಳೋಣವೆಂದರೆ, ಅವಳಾಗಲೇ ಮಲಗಿದ್ದಾಳೆ.